ಮೆಂಬರ್ ಸಾಹೇಬರ ಮನೆಯವರು

ನಮ್ಮೂರಿನ ಹೆಸರು ಬರೆಯುವುದಿಲ್ಲ. ಮಾನ ಹೋಗಿರುವುದು ನನ್ನದು, ಸುಮ್ಮನೆ ಊರನ್ನೇಕೆ ಎಳೆಯಲಿ. ಚನ್ನಗಿರಿಯಿಂದ ಹೊನ್ನಾಳಿ ಕಡೆಗೆ ಹೋಗುವ ಬಸ್ಸಿನಲ್ಲಿ ಕೂತರೆ ದಾರಿಯಲ್ಲಿ ಸಿಗುತ್ತದೆ ಅಂದರೆ ಸಾಕು. ಈ ಊರಿನ ಪಟ್ಟಣ ಪಂಚಾಯಿತಿಗೆ ನಾನು ಸದಸ್ಯೆ. ಓಟು ಬಿದ್ದದ್ದು ನನಗೆ, ಪ್ರಮಾಣವಚನ ಓದಿದ್ದು ನಾನು. ಆದರೂ ಊರಲ್ಲಿ ಮೆಂಬರ್ ಸಾಹೇಬರು ಅಂದರೆ ನನ್ನ ಗಂಡ. ನಾನು ಮೆಂಬರ್ ಸಾಹೇಬರ ಮನೆಯವರು. ಮೊದಮೊದಲು ಹಾಗೆ ಕರೆದಾಗ ನಗು ಬರುತ್ತಿತ್ತು, ಆಮೇಲೆ ಅಭ್ಯಾಸವಾಯಿತು. ನಾಚಿಕೆ ಆಗತೊಡಗಿದ್ದು ಬಸ್‌ಸ್ಟ್ಯಾಂಡಿನಲ್ಲಿ ಹೆಂಗಸರ ಶೌಚಾಲಯ ಕಟ್ಟಿದ ಮೇಲೆ.

ಅದಕ್ಕೆ ಮುಂಚೆ ಊರಿನ ಆಡಳಿತದ ಕಥೆ ಸ್ವಲ್ಪ ಹೇಳಬೇಕು. ನಾನು ಹುಟ್ಟಿದ್ದು ನ್ಯಾಮತಿಯಲ್ಲಿ, ಇಲ್ಲಿಗೆ ಸೊಸೆಯಾಗಿ ಬಂದವಳು. ಹಾಗಾಗಿ ಈ ಊರಿನ ಇತಿಹಾಸವೆಲ್ಲ ನನಗೆ ಅತ್ತೆಯ ಬಾಯಿಂದ ಬಂದದ್ದು. ಊರ ನಡುವೆ ಒಂದು ಚಾವಡಿ ಇದೆ. ಕಲ್ಲಿನ ಜಗಲಿ, ಮರದ ಕಂಬ. ಒಂದು ಕಾಲದಲ್ಲಿ ಪಟೇಲರೂ ಶಾನುಭೋಗರೂ ಅಲ್ಲೇ ಕೂತು ಕಂದಾಯ ಎತ್ತುತ್ತಿದ್ದರಂತೆ, ನ್ಯಾಯ ಹೇಳುತ್ತಿದ್ದರಂತೆ. ಚಾವಡಿಯ ಮುಂದೆ ಹಾದುಹೋಗುವಾಗ ಹೆಂಗಸರು ಸೆರಗು ಎಳೆದುಕೊಂಡು, ತಲೆ ತಗ್ಗಿಸಿ ಸರಸರ ನಡೆಯಬೇಕಿತ್ತಂತೆ. ಅತ್ತೆ ತಮ್ಮ ಮುದಿ ವಯಸ್ಸಿನಲ್ಲೂ ಆ ಜಾಗಕ್ಕೆ ಬಂದರೆ ನಡಿಗೆ ಜೋರು ಮಾಡುತ್ತಿದ್ದರು. ಅಲ್ಲಿ ಆಗ ಪಟೇಲರೂ ಇರಲಿಲ್ಲ, ಯಾರೂ ಇರಲಿಲ್ಲ, ಒಂದೆರಡು ಮೇಕೆ ಮಲಗಿರುತ್ತಿದ್ದವು ಅಷ್ಟೆ. ನಾನು ಹಿಂದಿನಿಂದ ನಿಧಾನಕ್ಕೆ ನಡೆದು ಬಂದು ಅವರನ್ನು ರೇಗಿಸುತ್ತಿದ್ದೆ. ಪಟೇಲರ ಮೇಕೆಗೂ ಹೆದರಬೇಕಾ ಅತ್ತೆ ಅಂತ.

ಶಾನುಭೋಗಿಕೆ ಹೋದ ಮೇಲೆ ಅದೇ ಚಾವಡಿಯಲ್ಲಿ ಗ್ರಾಮ ಪಂಚಾಯಿತಿ ಕೂತಿತು. ಊರು ಬೆಳೆಯಿತು, ಅಡಿಕೆ ವ್ಯಾಪಾರ ಬಂತು, ಬ್ಯಾಂಕು ಬಂತು, ಸುತ್ತಲಿನ ಹಳ್ಳಿಯವರಿಗೆಲ್ಲ ಇದೇ ಪೇಟೆ ಆಯಿತು. ಕೊನೆಗೆ ಊರನ್ನು ಪಟ್ಟಣ ಪಂಚಾಯಿತಿ ಮಾಡಿದರು. ಹಳೆಯ ಚಾವಡಿಯ ಪಕ್ಕದ ಗೋಡೆಗೆ ಅಂಟಿಸಿ ಎರಡು ಅಂತಸ್ತಿನ ಕಟ್ಟಡ ಎಬ್ಬಿಸಿ ಮೇಲೆ ಸಭೆಯ ಹಾಲು ಮಾಡಿದರು. ಪಟಾಕಿ ಹೊಡೆದರು. ನಮ್ಮ ತವರು ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಗಿದೆ, ನಿಮ್ಮದಿನ್ನೂ ಪಟ್ಟಣ ಅಂತ ನಾನು ಗಂಡನ ಮುಂದೆ ಜಂಬ ಕೊಚ್ಚಿಕೊಂಡೆ. ನಿಮ್ಮದು ತಾಲ್ಲೂಕಾದರೂ ಹೊನ್ನಾಳಿಯವರು ಇನ್ನೂ ಒಪ್ಪಿಲ್ಲ ಬಿಡು ಅಂತ ಅವರು ತಿರುಗೇಟು ಕೊಟ್ಟರು. ಮನೆಯಲ್ಲಿ ನಮ್ಮ ರಾಜಕೀಯ ಅಷ್ಟೇ ಇತ್ತು.

ಊರು ಪಟ್ಟಣವಾದದ್ದರಿಂದ ಹೆಂಗಸರಿಗೆ ಒಂದು ತೊಂದರೆ ಆಯಿತು, ಅದನ್ನು ಯಾರೂ ಭಾಷಣದಲ್ಲಿ ಹೇಳಲಿಲ್ಲ. ಮೊದಲು ಬಸ್‌ಸ್ಟ್ಯಾಂಡಿನ ಹಿಂದೆ ಸಂತೆ ಮಾಳ, ಅದರಾಚೆ ಜಾಲಿ ಪೊದೆ. ಸಂತೆಗೆ ಬಂದವರು, ಬಸ್ಸಿಗೆ ಕಾಯುವವರು ಅಲ್ಲಿಗೆ ಹೋಗಿ ಬರುತ್ತಿದ್ದರು. ಪಟ್ಟಣ ಅಂದ ಮೇಲೆ ಮಾಳಕ್ಕೆ ಕಾಂಪೌಂಡು ಬಂತು, ಜಾಲಿ ಕಡಿದರು, ಲೈಟಿನ ಕಂಬ ನಿಲ್ಲಿಸಿದರು. ಗಂಡಸರಿಗೆ ಹೊಸ ಕಾಂಪೌಂಡೇ ಅನುಕೂಲವಾಯಿತು. ಹೆಂಗಸರು ತಡೆದುಕೊಳ್ಳುವುದು ಕಲಿತರು.

ಮೊದಲ ಚುನಾವಣೆಗೆ ನಿಲ್ಲಬೇಕು ಅಂತ ನನ್ನ ಗಂಡ ತುದಿಗಾಲಲ್ಲಿ ನಿಂತಿದ್ದರು. ನಮ್ಮದು ಹತ್ತಿ ಹಿಂಜುವ ಪಿಂಜಾರರ ಮನೆ, ಗಾದಿ ಅಂಗಡಿ. ಊರಲ್ಲಿ ಯಾರ ಮನೆಯ ಹಾಸಿಗೆಯ ಹತ್ತಿ ಎಷ್ಟು ಹಳೆಯದು ಅಂತ ಅವರಿಗೆ ಗೊತ್ತು, ಹಾಗಾಗಿ ಎಲ್ಲರ ಮನೆಯ ಒಳಗೂ ಅವರಿಗೆ ಪ್ರವೇಶ ಇತ್ತು. ಆದರೆ ಮೀಸಲಾತಿ ಪಟ್ಟಿ ಬಂದಾಗ ನಮ್ಮ ವಾರ್ಡು ಹಿಂದುಳಿದ ವರ್ಗದ ಮಹಿಳೆಗೆ ಹೋಗಿತ್ತು. ಅವರು ಒಂದು ದಿನ ಮುಖ ಸಪ್ಪೆ ಮಾಡಿಕೊಂಡು ಕೂತರು. ಮಾರನೇ ದಿನ ನನ್ನ ಆಧಾರ್ ಕಾರ್ಡು ಎಲ್ಲಿದೆ ಅಂತ ಕೇಳಿದರು. ನನಗೆ ಇಷ್ಟವಿದೆಯಾ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಳಗೊಳಗೆ ಖುಷಿಯಾಗಿತ್ತು ಅನ್ನುವುದನ್ನು ಮುಚ್ಚಿಡುವುದಿಲ್ಲ.

ಓಟು ಕೇಳಲು ಹೋದಾಗ ನನಗೆ ಆಸರೆಯಾದವಳು ಬಸ್‌ಸ್ಟ್ಯಾಂಡಿನಲ್ಲಿ ಈರುಳ್ಳಿ ಬೆಳ್ಳುಳ್ಳಿ ಮಾರುವ ಒಬ್ಬ ಹೆಂಗಸು. ನಮ್ಮ ವಾರ್ಡಿನವಳೇ, ನನಗಿಂತ ಹಿರಿಯಳು, ಬಾಯಿ ಜೋರು. ಅವಳು ಹೇಳಿದ ಕಡೆ ಓಣಿಯ ಹೆಂಗಸರ ಓಟು ಬೀಳುತ್ತಿತ್ತು. ಅವಳು ಸೀರೆ ಕೇಳಲಿಲ್ಲ, ಕುಕ್ಕರ್ ಕೇಳಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಒಂದೇ ಮಾತು ಕೇಳಿದಳು.

"ಬಸ್‌ಸ್ಟ್ಯಾಂಡಿನಾಗೆ ನಮಗೆ ಒಂದಕ್ಕೆ ಹೋಗಾಕೆ ಒಂದು ಜಾಗ ಮಾಡಿಸಿಕೊಡ್ತೀಯೇನು ತಂಗೀ? ಗಂಡಸ್ರ ಹತ್ರ ಇದನ್ನ ಹೆಂಗೆ ಕೇಳೋದು?"

ಮಾಡಿಸುತ್ತೇನೆ ಅಂದೆ. ಅವಳ ಕೈ ಹಿಡಿದು ಅಂದೆ. ಗೆದ್ದೆ.

ಮೊದಲ ಸಭೆಗೆ ಗಂಡ ಹೆಂಡತಿ ಇಬ್ಬರೂ ಹೋದೆವು. ನಾನು ಹೊಸ ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು ಮೆಟ್ಟಿಲು ಹತ್ತಿದೆ. ಉದ್ದನೆಯ ಮೇಜು, ಸುತ್ತ ಕುರ್ಚಿ, ಕುರ್ಚಿಯ ಮುಂದೆ ನಮ್ಮ ನಮ್ಮ ಹೆಸರಿನ ಫಲಕ. ನನ್ನ ಹೆಸರಿನ ಮುಂದಿನ ಕುರ್ಚಿಯಲ್ಲಿ ನನ್ನ ಗಂಡ ಸಹಜವಾಗಿ ಕೂತುಬಿಟ್ಟರು. ಆಚೀಚೆ ನೋಡಿದರೆ ಹೆಂಗಸರ ಹೆಸರು ಇದ್ದ ಕಡೆಯಲ್ಲೆಲ್ಲ ಗಂಡಸರೇ. ಅಧ್ಯಕ್ಷ ಸ್ಥಾನವೂ ಮಹಿಳೆಗೆ ಮೀಸಲಾಗಿತ್ತು. ಎತ್ತರದ ಆ ಕುರ್ಚಿಯಲ್ಲಿ ಅಧ್ಯಕ್ಷೆಯ ಯಜಮಾನರು ಕೂತಿದ್ದರು. ಅಧ್ಯಕ್ಷೆಯೂ ನಾವು ಉಳಿದ ಹೆಂಗಸರೂ ಗೋಡೆ ಪಕ್ಕದ ಬೆಂಚಿನಲ್ಲಿ ಕೂತೆವು. ಬೋಂಡಾ, ಟೀ ಬಂತು. ಅಧ್ಯಕ್ಷೆ ನನ್ನ ಸೀರೆಯ ಅಂಚು ಮುಟ್ಟಿ, ಎಲ್ಲಿ ತಗೊಂಡ್ರಿ ಅಂತ ಪಿಸುಗುಟ್ಟಿದರು. ದಾವಣಗೆರೆ ಅಂದೆ. ಆ ಸಭೆಯಲ್ಲಿ ನಾನು ಆಡಿದ ಮಾತು ಅದೊಂದೇ.

ಆಮೇಲೆ ಅಧ್ಯಕ್ಷೆಯೊಬ್ಬರನ್ನು ಬಿಟ್ಟು ನಾವು ಹೆಂಗಸರು ಹೋಗುವುದನ್ನೂ ಬಿಟ್ಟೆವು. ಹಾಜರಿ ಪುಸ್ತಕ ಮನೆಗೇ ಬರುತ್ತಿತ್ತು. ರೊಟ್ಟಿ ಹಿಟ್ಟಿನ ಕೈ ಒರೆಸಿಕೊಂಡು ಸಹಿ ಹಾಕುತ್ತಿದ್ದೆ. ಸದಸ್ಯೆಯರ ಗಂಡಂದಿರು ಸಭೆಯಲ್ಲಿ ಕೂರಕೂಡದು ಅಂತ ಮೇಲಿನಿಂದ ಒಂದು ಸುತ್ತೋಲೆ ಬಂದಿತ್ತಂತೆ. ಅದನ್ನು ಸಭೆಯಲ್ಲಿ ಓದಿದರಂತೆ. ಗಂಡಂದಿರೆಲ್ಲ ಗಮನವಿಟ್ಟು ಕೇಳಿ, ಒಳ್ಳೆಯ ವಿಚಾರ, ಎಲ್ಲರೂ ಪಾಲಿಸೋಣ ಅಂದರಂತೆ. ನನ್ನ ಗಂಡ ಮನೆಗೆ ಬಂದು ಇದನ್ನು ಹೇಳಿ ನಕ್ಕರು. ನಾನೂ ನಕ್ಕೆ.

ಈರುಳ್ಳಿಯವಳ ಮಾತನ್ನು ಅವರಿಗೆ ಊಟಕ್ಕೆ ಬಡಿಸುವಾಗ ಹೇಳಿದ್ದೆ. ಅವರು ಕೆಟ್ಟ ಮನುಷ್ಯರಲ್ಲ, ಇದನ್ನು ಓದುವವರು ತಿಳಿದಿರಬೇಕು. ಶೌಚಾಲಯದ ವಿಷಯ ಎತ್ತಿ ಪಟ್ಟು ಹಿಡಿದು ವಾದ ಮಾಡಿ ಮಂಜೂರು ಮಾಡಿಸಿದವರು ಅವರೇ. ನಾನು ಹೋಗಿದ್ದರೆ ಅಷ್ಟು ಮಾತಾಡಲು ಆಗುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಪಾಯ ಅಗೆದ ದಿನ ಈರುಳ್ಳಿಯವಳು ನಮ್ಮ ಮನೆಗೆ ಒಂದು ಪುಟ್ಟಿ ಬೆಳ್ಳುಳ್ಳಿ ಕಳಿಸಿದಳು.

ಕಟ್ಟಡ ಎದ್ದು ನಿಂತ ಮೇಲೆ ನೋಡಿದೆ. ತಿಳಿಹಸಿರು ಬಣ್ಣ, ಟೈಲ್ಸು, ಮೇಲೆ ನೀರಿನ ಟ್ಯಾಂಕು. ಮುಂದಿನ ಗೋಡೆಯ ಮೇಲೆ ನನ್ನ ಹೆಸರು, ಕೆಳಗೆ ನನ್ನ ಗಂಡನ ಹೆಸರು. ನಮ್ಮ ಕಡೆ ಯಾವ ಕೆಲಸ ಮಾಡಿದರೂ ಮಾಡಿಸಿದವರ ಹೆಸರು ರಸ್ತೆಗೆ ಕಾಣಬೇಕು, ಚರಂಡಿಯಾದರೂ ಸರಿ. ಹೆಸರು ರಸ್ತೆಗೆ ಕಾಣಬೇಕಾದರೆ ಮುಂಭಾಗ ರಸ್ತೆಗಿರಬೇಕು. ಮುಂಭಾಗ ಅಂದ ಮೇಲೆ ಬಾಗಿಲೂ ಅಲ್ಲೇ. ಬಾಗಿಲ ಎದುರಿಗೆ, ನಾಲ್ಕು ಮಾರು ಆಚೆ, ಟೀ ಅಂಗಡಿಯ ಬೆಂಚು. ಬೆಳಗಿನಿಂದ ಸಂಜೆವರೆಗೆ ಆ ಬೆಂಚಿನಲ್ಲಿ ಗಂಡಸರು ಖಾಲಿಯಾಗುವುದಿಲ್ಲ. ಯಾವ ಹೆಂಗಸು ಅವರ ಕಣ್ಣ ಮುಂದೆ ಒಳಗೆ ಹೋಗಿ, ಅವರ ಕಣ್ಣ ಮುಂದೆ ಹೊರಗೆ ಬರುತ್ತಾಳೆ? ನನಗೆ ಅದು ನೋಡಿದ ಕೂಡಲೇ ತಿಳಿಯಿತು. ಅಷ್ಟು ಜನ ಗಂಡಸರು ಸಭೆ ಮಾಡಿ ನಕ್ಷೆ ನೋಡಿ ತೀರ್ಮಾನಿಸಿದರಲ್ಲ, ಒಬ್ಬರಿಗೂ ಹೊಳೆದಿರಲಿಲ್ಲ.

ಹೊಳೆದ ನಾನು ಏನು ಮಾಡಿದೆ? ಉದ್ಘಾಟನೆಯ ದಿನ ಶಾಲು ಹೊದಿಸಿಕೊಂಡೆ. ರಿಬ್ಬನ್ ಕತ್ತರಿಸುವಾಗ ಕತ್ತರಿಯ ಒಂದು ಕಣ್ಣಿನಲ್ಲಿ ನನ್ನ ಬೆರಳು, ಇನ್ನೊಂದರಲ್ಲಿ ಗಂಡನದು.

ಆಮೇಲೆ ಅದಕ್ಕೆ ಬೀಗ ಬಿತ್ತು. ಜಿಲ್ಲೆಯಿಂದ ದೊಡ್ಡ ಸಾಹೇಬರು ನೋಡಲು ಬರುತ್ತಾರೆ, ಅಲ್ಲಿಯವರೆಗೆ ಗಲೀಜಾಗಬಾರದು ಅಂತ. ಬೀಗದ ಕೈ ನಮ್ಮ ಗಾದಿ ಅಂಗಡಿಯ ಮೊಳೆಗೆ ಬಂತು. ಬೇಕಾದವರು ಬಂದು ಕೇಳಿ ತಗೊಂಡು ಹೋಗಲಿ ಅಂತ ನನ್ನ ಗಂಡ ಉದಾರವಾಗಿ ಹೇಳಿದರು. ಸಾಹೇಬರ ಭೇಟಿ ಮುಂದಕ್ಕೆ ಹೋಯಿತು, ಮತ್ತೂ ಮುಂದಕ್ಕೆ ಹೋಯಿತು. ಗಾದಿ ಅಂಗಡಿಯಲ್ಲಿ ಹತ್ತಿ ಹಿಂಜುತ್ತಾ ಕೂತ ಗಂಡಸರ ಮುಂದೆ ನಿಂತು, ಒಂದಕ್ಕೆ ಹೋಗಬೇಕು ಕೀ ಕೊಡ್ರಿ ಅಂತ ಕೇಳುವ ಹೆಂಗಸು ನಮ್ಮ ತಾಲ್ಲೂಕಿನಲ್ಲಿ ಹುಟ್ಟಿಲ್ಲ. ನಾನೇ ಕೇಳಲಾರೆ.

ಒಂದೆರಡು ಸಲ ಗಂಡನಿಗೆ ಹೇಳಿದೆ. ಮುಂದಿನ ವಾರ ಬರ್ತಾರೆ ತಡಿ ಅಂದರು. ತಡೆದೆ. ಈರುಳ್ಳಿಯವಳು ಎದುರಾದರೆ ಎಂಬ ಭಯಕ್ಕೆ ಬಸ್‌ಸ್ಟ್ಯಾಂಡಿನ ದಾರಿ ಬಿಟ್ಟು ಮಸೀದಿಯ ಹಿಂದಿನ ಓಣಿ ಹಿಡಿದು ಓಡಾಡತೊಡಗಿದೆ. ತಲೆ ತಗ್ಗಿಸಿ, ಸರಸರ. ಕಡೆಗೆ ಅವಳೇ ಒಂದು ದಿನ ರೇಷನ್ ಅಂಗಡಿಯ ಸಾಲಿನಲ್ಲಿ ಸಿಕ್ಕಿದಳು. ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಹಗುರವಾಗುತ್ತಿತ್ತು. ಚನ್ನಗಿರಿ ಆಸ್ಪತ್ರೆಗೆ ಹೋಗಿ ಬಂದೆ ಅಂದಳು. ಉರಿಮೂತ್ರ, ಜ್ವರ. ಡಾಕ್ಟರು ನೀರು ಜಾಸ್ತಿ ಕುಡಿ ಅಂದರಂತೆ. ಬಸ್‌ಸ್ಟ್ಯಾಂಡಿನಲ್ಲಿ ಕೂತು ನೀರು ಕುಡಿದರೆ ಆಮೇಲೆ ಎಲ್ಲಿಗೆ ಹೋಗಲಿ, ಅದಕ್ಕೇ ಬೆಳಗಿನಿಂದ ಗುಟುಕು ನೀರೂ ಕುಡಿಯುವುದಿಲ್ಲ ಅಂದಳು. ಮೊದಲು ತಂಗೀ ಅನ್ನುತ್ತಿದ್ದವಳು ಅವತ್ತು ನನ್ನನ್ನು ಅಕ್ಕಾರೆ ಅಂದಳು, ನೀವು ಅಂದಳು. ನನಗಿಂತ ದೊಡ್ಡವಳು. ಆ ಮರ್ಯಾದೆ ಕಪಾಳಕ್ಕೆ ಹೊಡೆದ ಹಾಗಾಯಿತು.

ಅದೇ ವಾರ ಜಗಳೂರಿನಿಂದ ನನ್ನ ಅಕ್ಕ ಬಂದಳು. ಅಲ್ಲಿಂದ ಇಲ್ಲಿಗೆ ಬಸ್ಸು ಬದಲಿಸಿಕೊಂಡು ಬರುವಷ್ಟರಲ್ಲಿ ಅರ್ಧ ದಿನ ಆಗುತ್ತದೆ. ಮನೆ ಬಾಗಿಲಿಗೆ ಬಂದವಳು ಸಲಾಮೂ ಹೇಳದೆ, ಚೀಲ ಎಸೆದು, ನೆಟ್ಟಗೆ ಹಿತ್ತಲಿಗೆ ಓಡಿದಳು. ವಾಪಸು ಬಂದು ಉಸ್ಸಂತ ಕೂತು ಹೇಳಿದಳು.

"ಬಸ್ ಇಳಿದ ಕೂಡ್ಲೆ ನಿನ್ ಹೆಸರು ನೋಡಿ ಹೊಟ್ಟೆ ತುಂಬಿ ಬಂತು ಕಣೇ. ಬೀಗ ನೋಡಿ ಹೊಟ್ಟೆ ನೋವು ಬಂತು."

ಇಬ್ಬರೂ ಬಿದ್ದು ಬಿದ್ದು ನಕ್ಕೆವು. ನಗುತ್ತಾ ನಗುತ್ತಾ ನನಗೆ ಅಳು ಬಂತು. ಅಕ್ಕ ಗಾಬರಿಯಾಗಿ, ತಮಾಷೆಗೆ ಅಂದೆ ಬಿಡೇ ಅಂತ ಸಮಾಧಾನ ಮಾಡಿದಳು. ಕೀ ಎಲ್ಲಿದೆ ಅಂತ ಕೇಳಿದಳು. ಅಂಗಡಿಯಲ್ಲಿ ಅಂದೆ. ಮತ್ತೆ ಹೋಗಿ ತಗೊಳ್ಳೋಕೆ ಏನು ಕಷ್ಟ ಅಂದಳು.

ಮಾರನೇ ದಿನ ಸಂತೆ. ಅಂಗಡಿಗೆ ಹೋದೆ. ಗಂಡ ಹಿಂದಿನ ಕೋಣೆಯಲ್ಲಿ ಗಿರಾಕಿಗೆ ಗಾದಿ ಬಟ್ಟೆ ತೋರಿಸುತ್ತಿದ್ದರು. ಮೊಳೆಯಿಂದ ಬೀಗದ ಕೈ ತೆಗೆದುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ. ಈರುಳ್ಳಿಯವಳನ್ನು, ಅವಳ ಪಕ್ಕದ ಸೊಪ್ಪಿನವರನ್ನು ಬನ್ರೀ ಅಂತ ಕೂಗಿ ಕರೆದೆ. ಅವರು ನಂಬದೇ ಎದ್ದು ಬಂದರು. ಬೆಂಚಿನ ಗಂಡಸರು ಟೀ ಲೋಟ ಹಿಡಿದು ನೋಡುತ್ತಿದ್ದರು. ಅವತ್ತು ನನಗೆ ಅವರ ಭಯ ಇರಲಿಲ್ಲ, ಬದಲಿಗೆ ಒಂದು ಬಗೆಯ ಹೆಮ್ಮೆಯೇ ಬಂದಿತ್ತು. ಬೀಗ ತೆಗೆದು ಬಾಗಿಲು ದೂಡಿದೆ.

ಒಳಗೆ ನಮ್ಮ ಹತ್ತಿ ಮೂಟೆಗಳಿದ್ದವು. ಬೂರಗದ ಹತ್ತಿ, ನಮ್ಮ ಅಂಗಡಿಯ ಗುರುತಿನ ಗೋಣಿಚೀಲ. ನೆಲದಿಂದ ಸೂರಿನವರೆಗೆ ಒತ್ತಿ ತುಂಬಿದ್ದರು. ಕಾಲಿಡಲು ಜಾಗವಿರಲಿಲ್ಲ.

ಭೂಮಿ ಬಾಯಿ ಬಿಡಬಾರದಾ ಅಂತ ಅನ್ನುತ್ತಾರಲ್ಲ, ಅದು ಏನು ಅಂತ ನನಗೆ ಆಗ ಗೊತ್ತಾಯಿತು. ಬೆಂಚಿನ ಕಡೆಯಿಂದ ಯಾರೋ ಕಿಸಕ್ಕೆಂದರು. ಈರುಳ್ಳಿಯವಳು ನನ್ನ ಭುಜದ ಮೇಲಿಂದ ಇಣುಕಿ ನೋಡಿದಳು. ಮೆಲ್ಲಗೆ ಹೇಳಿದಳು.

"ಇರ್ಲಿ ಬಿಡ್ರಿ ಅಕ್ಕಾರೆ. ಹತ್ತಿಯಾದ್ರೂ ಬೆಚ್ಚಗೈತೆ."

ನನಗೆ ಏನಾಯಿತೋ ಗೊತ್ತಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಲಿನ ಮೂಟೆಯನ್ನು ಎಳೆದೆ. ಅದು ನನ್ನ ಮೇಲೇ ಬಿತ್ತು. ಅವಳು ಬಂದು ಕೈ ಹಾಕಿದಳು, ಸೊಪ್ಪಿನವರೂ ಬಂದರು. ಒಂದೊಂದಾಗಿ ಹೊರಗೆ ಉರುಳಿಸಿದೆವು. ಉರುಳಿಸಿದ್ದನ್ನು ಅಲ್ಲೇ ಬಾಗಿಲ ಮುಂದೆ, ಬೆಂಚಿಗೆ ಅಡ್ಡವಾಗಿ, ಒಂದರ ಮೇಲೊಂದು ಪೇರಿಸ್ರಿ ಅಂತ ಹೇಳಿದವಳು ಈರುಳ್ಳಿಯವಳೇ. ಎದೆಯೆತ್ತರದ ಗೋಡೆಯಾಯಿತು. ಅದರ ಮರೆಯಲ್ಲಿ ಹೆಂಗಸರು ಒಬ್ಬೊಬ್ಬರೇ ಒಳಗೆ ಹೋಗಿ ಬರತೊಡಗಿದರು. ಸಂತೆಗೆ ಬಂದ ಹಳ್ಳಿಯವರೂ ಸಾಲು ನಿಂತರು. ನಾನು ಮೂಟೆಗೆ ಒರಗಿ ಕಾವಲು ನಿಂತೆ. ಹೊರಗೆ ಬಂದ ಯಾರೂ ನನ್ನ ಮುಖ ನೋಡಲಿಲ್ಲ, ನಾನೂ ನೋಡಲಿಲ್ಲ. ಮೈತುಂಬ ಹತ್ತಿ ಅಂಟಿತ್ತು.

ಸುದ್ದಿ ಮುಟ್ಟಿ ನನ್ನ ಗಂಡ ಓಡಿ ಬಂದರು. ಧೂಳಿನಲ್ಲಿ ಬಿದ್ದ ಮೂಟೆ ನೋಡಿದರು, ಸಾಲು ನೋಡಿದರು, ನನ್ನನ್ನು ನೋಡಿದರು. ಕೂಗಾಡಲಿಲ್ಲ. ಅಂಗಡಿಯ ಸೂರು ಸೋರುತ್ತಿತ್ತು, ಹೇಗೂ ಬೀಗ ಹಾಕಿದ ಜಾಗ ಅಂತ ಇಟ್ಟಿದ್ದೆ ಅಂತ ಯಾರಿಗೋ ಅನ್ನುವಂತೆ ಗೊಣಗಿದರು. ಆಮೇಲೆ ನನ್ನ ಹತ್ತಿರ ಬಂದು ಕೇಳಿದರು.

"ನನ್ನನ್ನ ಒಂದು ಮಾತು ಕೇಳಬಾರದಾಗಿತ್ತಾ?"

ಇಲ್ಲಿವರೆಗೂ ಅವರನ್ನು ಕೇಳಿ ಕೇಳಿಯೇ ಹೀಗಾದದ್ದು ಅಂತ ನಾಲಿಗೆ ತುದಿಗೆ ಬಂತು. ಅವರ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು, ಹೇಳಲಿಲ್ಲ. ಬಾಗಿಲನ್ನು ಹಿಂದಕ್ಕೆ ತಿರುಗಿಸಬೇಕು, ಮುಂದಿನ ಮೀಟಿಂಗಿಗೆ ನಾನೇ ಹೋಗುತ್ತೇನೆ ಅಂದೆ. ಅವರು ಮೂಟೆಯ ಬಾಯಿ ಬಿಗಿಯುತ್ತಾ ಹೂಂ ಅಂದರು. ಆಮೇಲೆ ನನಗೆ ಬಂದ ಕಷ್ಟ ಬೇರೆ. ಮೀಟಿಂಗಿನಲ್ಲಿ ಮಾತು ಹೇಗೆ ಶುರು ಮಾಡುತ್ತಾರೆ ಅಂತಲೇ ನನಗೆ ತಿಳಿಯದು. ಗೆದ್ದ ಸದಸ್ಯೆ, ಮೂಟೆಯ ಇನ್ನೊಂದು ತುದಿ ಹಿಡಿದುಕೊಂಡು ಅದನ್ನೂ ಗಂಡನನ್ನೇ ಕೇಳಿದೆ. ಮೊದಲು ಎದ್ದು ನಿಲ್ಲು, ಮಾನ್ಯ ಅಧ್ಯಕ್ಷರೇ ಅನ್ನು, ಆಮೇಲೆ ವಿಷಯ ಹೇಳು ಅಂತ ಅವರು ಹೇಳಿಕೊಟ್ಟರು. ಇಬ್ಬರೂ ಮೂಟೆ ಹೊತ್ತು ಅಂಗಡಿಗೆ ನಡೆದೆವು. ಸಂತೆಗೆ ಸಂತೆಯೇ ನೋಡುತ್ತಿತ್ತು.

ಸಭೆಯ ದಿನ ಅವರು ನನ್ನ ಜೊತೆ ಬಂದು ಕೆಳಗೆ ಚಾವಡಿಯ ಜಗಲಿ ಮೇಲೆ ಕೂತರು, ಮೇಲೆ ಬರಲಿಲ್ಲ. ನಾನು ಹೋಗಿ ನನ್ನ ಹೆಸರಿನ ಮುಂದಿನ ಕುರ್ಚಿಯಲ್ಲಿ ಕೂತೆ. ಸಾಹೇಬರಿಗೆ ಹುಷಾರಿಲ್ಲವಾ ಅಂತ ಪಕ್ಕದವರು ಕೇಳಿದರು. ಪಂಚಾಯಿತಿಯ ಮುಖ್ಯಾಧಿಕಾರಿಗಳು ವಿಷಯ ಓದುತ್ತಾ ಹೋದರು. ಬಸ್‌ಸ್ಟ್ಯಾಂಡ್ ಅಂದ ಕೂಡಲೇ ಎದ್ದು ನಿಂತೆ. ಮಾನ್ಯ ಅಧ್ಯಕ್ಷರೇ ಅಂದೆ.

"ಹೇಳಮ್ಮ," ಅಂದರು ಎತ್ತರದ ಕುರ್ಚಿಯಲ್ಲಿದ್ದ ಅಧ್ಯಕ್ಷೆಯ ಗಂಡ.

ಗೋಡೆ ಪಕ್ಕದ ಬೆಂಚಿನ ಕಡೆ ತಿರುಗಿದೆ. ಅಧ್ಯಕ್ಷೆ ಅಲ್ಲಿ ಒಬ್ಬರೇ ಕೂತು ಟೀ ಲೋಟವನ್ನು ಸೆರಗಿನಿಂದ ಹಿಡಿದಿದ್ದರು. ಅವರ ಕಡೆ ಮುಖ ಮಾಡಿ ಮತ್ತೊಮ್ಮೆ ಮಾನ್ಯ ಅಧ್ಯಕ್ಷರೇ ಅಂದೆ. ಅವರು ತಲೆ ತಗ್ಗಿಸಿದರು. ಹಾಗೆ ತಲೆ ತಗ್ಗಿಸುವುದು ಹೇಗಿರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು, ಅವರನ್ನು ಹೀಗೆ ಹಿಡಿದು ನಿಲ್ಲಿಸಿದ್ದಕ್ಕೆ ನನ್ನ ಮೇಲೇ ಅಸಹ್ಯವಾಯಿತು. ಆದರೂ ಹೇಳಿದೆ. ಬಾಗಿಲು ಹಿಂದಿನ ಗೋಡೆಗೆ ಹೋಗಬೇಕು, ಬೀಗ ಹಾಕಕೂಡದು.

ಅಧ್ಯಕ್ಷೆಯ ತುಟಿ ಅಲ್ಲಾಡಿತು. ಏನೋ ಅಂದರು. ಮುಖ್ಯಾಧಿಕಾರಿಗಳು ಕುರ್ಚಿಯ ಕಡೆ ತಿರುಗಿ, ಅಮ್ಮಾರು ಏನಂದ್ರು ಅಂತ ಅವರ ಗಂಡನನ್ನು ಕೇಳಿದರು. ಏನಿಲ್ಲ, ಮುಂದಿನ ವಿಷಯ ಓದಿ ಅಂದರು ಆತ.

"ತಿರುಗಿಸ್ರಿ ಅಂದ್ರು," ಅಂದೆ ನಾನು.

"ಹೌದ್ರಿ," ಅಂದರು ಅಧ್ಯಕ್ಷೆ, ಈ ಸಲ ಎಲ್ಲರಿಗೂ ಕೇಳುವ ಹಾಗೆ. "ತಿರುಗಿಸ್ರಿ ಅಂದೆ."

ಮುಖ್ಯಾಧಿಕಾರಿಗಳು ಪೆನ್ನು ಹಿಡಿದು, ಬರೆಯದೆ, ಎತ್ತರದ ಕುರ್ಚಿಯ ಕಡೆ ನೋಡಿದರು. ಕುರ್ಚಿಯಲ್ಲಿದ್ದವರು ಒಂದಿಷ್ಟು ಯೋಚಿಸಿ ಆಗಲಿ ಅನ್ನುವಂತೆ ತಲೆಯಾಡಿಸಿದರು. ಆಮೇಲೆ ಮುಖ್ಯಾಧಿಕಾರಿಗಳು ಬರೆದುಕೊಂಡರು. ಬೆಂಚಿನಿಂದ ಆಕೆಯೂ, ಮೇಜಿನಿಂದ ನಾನೂ ಅದನ್ನು ನೋಡಿದೆವು.